ಮಿಲಿಟರಿ ಹ್ಯಾಮಕ್ ಹರಿಯಲ್ಲ ಅಂತಾರೆ, ನಿಜವಾ?

ಪ್ರಶ್ನೆ: ನಮಸ್ಕಾರ. ನಾನು ಆಗಾಗ ಒಂದೆರಡು ದಿನದ ಚಾರಣಕ್ಕೆ ಹೋಗುವವನು. ಇಲ್ಲಿಯವರೆಗೂ ಟೆಂಟಿನಲ್ಲೇ ಮಲಗಿ ಅಭ್ಯಾಸ. ಈಚೆಗೆ ಪರಿಚಯದವರೊಬ್ಬರು ಮಿಲಿಟರಿ ಸರ್‌ಪ್ಲಸ್ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟಿ ಮಲಗುವ ತೂಗುಹಾಸಿಗೆ) ಒಂದನ್ನು ಕೊಟ್ಟರು. ಹಸಿರು ನೈಲಾನ್ ಬಟ್ಟೆ, ಎರಡೂ ತುದಿಗೆ ಹಗ್ಗ ಪೋಣಿಸಿದೆ. ಅಳೆದರೆ ಬಟ್ಟೆ ಸುಮಾರು 7 ಅಡಿ ಉದ್ದ, 4 ಅಡಿ ಅಗಲ ಇದೆ. ಲೇಬಲ್ ಮೇಲೆ ‘ಡಿಎಸ್‌ಎ 100-68-ಸಿ’ ಅಂತ ಶುರುವಾಗುವ ನಂಬರಿದೆ, ಮುಂದಿನದು ಅಳಿಸಿಹೋಗಿದೆ. ಒಂದು ರಾತ್ರಿ ಪ್ರಯೋಗ ಮಾಡಿದೆ. ಚಪ್ಪಟೆಯಾಗಿರಲಿ ಅಂತ ಆದಷ್ಟು ಬಿಗಿಯಾಗಿ ಕಟ್ಟಿದ್ದೆ. ಬೆಳಗಾಗುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಸ್ಲೀಪಿಂಗ್ ಬ್ಯಾಗಿನ ಒಳಗೇ ಮಲಗಿದ್ದರೂ ಬೆನ್ನು ಮಂಜುಗಡ್ಡೆ. ಸಾಲದ್ದಕ್ಕೆ ಬೆನ್ನ ತುಂಬ ಸೊಳ್ಳೆ ಕಡಿತ. ಗೆಳೆಯರಲ್ಲಿ ಒಬ್ಬ "ಮಿಲಿಟರಿ ಮಾಲು, ಆನೆ ಮಲಗಿದರೂ ಹರಿಯಲ್ಲ" ಅಂತಾನೆ. ಇನ್ನೊಬ್ಬ "ಐವತ್ತು ವರ್ಷದ ಹಳೇ ಬಟ್ಟೆ, ಎಸೆದುಬಿಡು" ಅಂತಾನೆ. ಮುಂದಿನ ತಿಂಗಳು ಮೂರು ರಾತ್ರಿಯ ಚಾರಣ ಇದೆ. ನನ್ನ ಎತ್ತರ 5 ಅಡಿ 9 ಇಂಚು, ತೂಕ 70 ಕೆಜಿ. ಇದನ್ನು ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕು ಪ್ರಶ್ನೆಗಳಿವೆ. ಹರಿಯುತ್ತಾ? ಸೊಂಟ ಯಾಕೆ ನೋವಾಯಿತು? ಬೆನ್ನು ಯಾಕೆ ತಣ್ಣಗಾಯಿತು? ಒಯ್ಯಬೇಕಾ ಬೇಡವಾ? ಕೊನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮೂರು ರಾತ್ರಿ ಮಲಗೋದಕ್ಕೆ ಅದು ಬೇಡ. ಹಳೆಯದು ಅನ್ನೋ ಕಾರಣಕ್ಕಲ್ಲ. ನಿಮಗೆ ಅದು ಗಿಡ್ಡ.

ಚಾರಣದ ತಂಡಗಳನ್ನು ಕರೆದೊಯ್ಯೋದು, ಉಳಿದ ದಿನ ಟೆಂಟು, ಹ್ಯಾಮಕ್, ಬೆನ್ನುಚೀಲ ಹೊಲಿದು ರಿಪೇರಿ ಮಾಡೋದು ನನ್ನ ಕೆಲಸ. ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಮಿಲಿಟರಿ ಮಾಲಿನ ಬಗ್ಗೆ ಗೌರವ ಇರುತ್ತದೆ. ಹೊಲಿಗೆ ಎಷ್ಟು ಸಾಲು ಹಾಕಿದ್ದಾರೆ, ಒತ್ತಡ ಬೀಳುವ ಕಡೆ ಹೇಗೆ ಮಡಿಸಿದ್ದಾರೆ ಅಂತ ನೋಡಿ ನಾನು ಕಲಿತದ್ದೇ ಜಾಸ್ತಿ. ಆದರೆ "ಮಿಲಿಟರಿ ಅಂದರೆ ಗಟ್ಟಿ" ಅನ್ನೋ ಮಾತು ಪೂರ್ತಿ ಅಲ್ಲ. ಯಾವ ಕೆಲಸಕ್ಕೆ ಗಟ್ಟಿ, ಎಷ್ಟು ವರ್ಷದವರೆಗೆ ಗಟ್ಟಿ ಅಂತ ಕೇಳಲೇಬೇಕು.

ಮೊದಲು ಆ ಲೇಬಲ್ ಓದೋಣ. ಡಿಎಸ್‌ಎ ಅಂದರೆ ಅಮೆರಿಕದ ಸೈನ್ಯಕ್ಕೆ ಸಾಮಾನು ಒದಗಿಸುತ್ತಿದ್ದ ಡಿಫೆನ್ಸ್ ಸಪ್ಲೈ ಏಜೆನ್ಸಿ. 1977ರಲ್ಲಿ ಅದರ ಹೆಸರು ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿ ಅಂತ ಬದಲಾಯಿತು. ಹಾಗಾಗಿ ಆಮೇಲಿನ ಲೇಬಲ್‌ಗಳಲ್ಲಿ ಡಿಎಲ್‌ಎ ಅಂತ ಕಾಣುತ್ತದೆ. ನಡುವಿನ ‘68’ ಗುತ್ತಿಗೆ ಕೊಟ್ಟ ವರ್ಷ. ಅಂದರೆ ನಿಮ್ಮ ಹ್ಯಾಮಕ್ 1968ರ ಗುತ್ತಿಗೆಯದು, ವಿಯೆಟ್ನಾಂ ಯುದ್ಧದ ಕಾಲದ್ದು. ಲೇಬಲ್ ನಿಜವಾದದ್ದಾದರೆ! ಇನ್ನೊಂದು ಗುರುತೂ ಇದೆ. ಅಮೆರಿಕದಲ್ಲಿ 1974ರ ಹೊತ್ತಿಗೆ ಲೇಬಲ್ ಮೇಲಿನ ದಾಸ್ತಾನು ಸಂಖ್ಯೆ, ಅಂದರೆ ಸೈನ್ಯದ ಒಂದೊಂದು ಬಗೆಯ ಸಾಮಾನಿಗೂ ಕೊಡುವ ನಂಬರು, 11 ಅಂಕಿಯಿಂದ 13 ಅಂಕಿಗೆ ಹೋಯಿತು. ಹೊಸದಾಗಿ ಸೇರಿದ ಆ ಎರಡು ಅಂಕಿ, ಅಂದರೆ ಮೊದಲ ನಾಲ್ಕರ ನಂತರ ಬರುವವು, ದೇಶದ ಗುರುತು. 00 ಅಥವಾ 01 ಇದ್ದರೆ ಅಮೆರಿಕ, 99 ಇದ್ದರೆ ಬ್ರಿಟನ್, 12 ಇದ್ದರೆ ಜರ್ಮನಿ. ಲೇಬಲ್ಲೇ ಇಲ್ಲದ, ಸುಮ್ನೆ ಹಸಿರು ಬಣ್ಣ ಬಳಿದು "ಮಿಲಿಟರಿ ಸ್ಟೈಲ್" ಅಂತ ಮಾರುವ ಮಾಲೂ ಬೇಕಾದಷ್ಟಿದೆ. ಅದಕ್ಕೂ ಸೈನ್ಯಕ್ಕೂ ಸಂಬಂಧ ಇರೋದು ಬಣ್ಣದ ಮಟ್ಟಿಗೆ ಮಾತ್ರ.

ಇನ್ನು ‘ಸರ್‌ಪ್ಲಸ್’ ಅನ್ನೋ ಪದ. ಉಗ್ರಾಣದಲ್ಲಿ ಕಟ್ಟು ಬಿಚ್ಚದೆ ಉಳಿದದ್ದೂ ಸರ್‌ಪ್ಲಸ್ಸೇ. ವರ್ಷಗಟ್ಟಲೆ ಬಳಸಿ, ಇನ್ನು ಸೈನಿಕನಿಗೆ ಕೊಡುವಂತಿಲ್ಲ ಅಂತ ತೆಗೆದುಹಾಕಿದ್ದೂ ಸರ್‌ಪ್ಲಸ್ಸೇ. ಅಂಗಡಿಯಲ್ಲಿ ಎರಡೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ನಿಮ್ಮ ಮೊದಲ ಗೆಳೆಯ ಮೊದಲನೆಯದನ್ನು ನೆನೆಸಿಕೊಂಡು ಮಾತಾಡುತ್ತಿದ್ದಾನೆ, ಎರಡನೆಯವನು ಎರಡನೆಯದನ್ನು. ಹ್ಯಾಮಕ್ ನೋಡದೆ ಇಬ್ಬರ ಮಾತನ್ನೂ ಒಪ್ಪೋಕಾಗಲ್ಲ.

ನೋಡೋದು ಹೇಗೆ? ನೈಲಾನ್ ಕೊಳೆಯಲ್ಲ ಅಂತ ಜನ ಹೇಳುತ್ತಾರೆ, ಅದು ಅರ್ಧ ನಿಜ. ಹತ್ತಿಯ ಹಾಗೆ ಬೂಷ್ಟು ಅದನ್ನು ತಿಂದುಹಾಕೋದಿಲ್ಲ. ಆದರೆ ಬಿಸಿಲು ತಿನ್ನುತ್ತದೆ. ಸೂರ್ಯನ ನೇರಳಾತೀತ ಕಿರಣ ಬಿದ್ದ ನೈಲಾನ್ ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಏನೂ ಆಗಿರದ ಹಾಗೆ ಕಾಣುತ್ತದೆ. ಹಾಗಾಗಿ ಅಂಚಿನ ಮಡಿಕೆಯನ್ನು ಸ್ವಲ್ಪ ತಿರುಗಿಸಿ ಒಳಗಿನ ಬಣ್ಣ ನೋಡಿ. ಒಳಗೆ ಕಡು ಹಸಿರು, ಹೊರಗೆ ಬಿಳಿಚಿದ್ದರೆ ಅದು ಬಿಸಿಲಲ್ಲಿ ಬಹಳ ಕಾಲ ತೂಗಿದೆ ಅಂತ ಅರ್ಥ. ಅಂಥದ್ದನ್ನು ನಾನು ತೂಗುಹಾಕುವ ಕೆಲಸಕ್ಕೆ ಬಳಸೋದೇ ಇಲ್ಲ. ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ಮುಂದಕ್ಕೆ ಹೋಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ಸೂಜಿತೂತುಗಳಿವೆಯಾ ನೋಡಿ. ಎರಡು ಹೆಬ್ಬೆರಳ ನಡುವೆ ಹಿಡಿದು ಬಲವಾಗಿ ಎಳೆಯಿರಿ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ‘ಚರ್’ ಅಂತ ಸಣ್ಣ ಸದ್ದು ಬಂದರೂ ಅಲ್ಲಿಗೆ ಮುಗಿಯಿತು.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರಲ್ಲ. ನೈಲಾನ್‌ಗೆ ಆ್ಯಸಿಡ್ ಅಂದರೆ ಆಗಲ್ಲ. ಗಾಡಿಯ ಬ್ಯಾಟರಿ ಇಟ್ಟ ಜಾಗದಲ್ಲಿ, ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹ್ಯಾಮಕ್ ನಂಬಬೇಡಿ. ಬ್ಯಾಟರಿಯ ಆವಿಯೂ ಅದನ್ನು ಹಾಳುಮಾಡಬಲ್ಲದು. ನಿಮಗೆ ಕೊಟ್ಟವರನ್ನು "ಇದನ್ನು ಎಲ್ಲಿ ಇಟ್ಟಿದ್ರಿ?" ಅಂತ ಕೇಳಿ. ಅವರ ಉತ್ತರ ಲೇಬಲ್‌ಗಿಂತ ಜಾಸ್ತಿ ಹೇಳುತ್ತದೆ. ಹಾಗೇ ಹಳೇ ವಾಸನೆ ಹೋಗಲಿ ಅಂತ ಬ್ಲೀಚ್ ಹಾಕಿ ಒಗೆಯಬೇಡಿ. ಸಾದಾ ಸೋಪು, ತಣ್ಣೀರು, ನೆರಳಲ್ಲಿ ಒಣಗಿಸೋದು, ಇಷ್ಟೇ ಸಾಕು.

ಬಟ್ಟೆ ಚೆನ್ನಾಗಿದ್ದರೂ ಹೊಲಿಗೆಯ ದಾರ ಹೋಗಿರಬಹುದು. ಸೂಜಿಯ ತುದಿಯಿಂದ ಒಂದೊಂದು ಹೊಲಿಗೆ ಮೀಟಿ ನೋಡಿ. ಮೀಟಿದ ಕೂಡಲೇ ಪುಡಿಯಾದರೆ ಅಥವಾ ಪಟ್ ಅಂತ ತುಂಡಾದರೆ ಹೆದರಬೇಕಾಗಿಲ್ಲ, ಪಾಲಿಯೆಸ್ಟರ್ ದಾರದಲ್ಲಿ ಮತ್ತೆ ಹೊಲಿಯಬಹುದು. ಆದರೆ ಹೊಲಿಯದೆ ಮಲಗಬಾರದು.

ಈಗ ಹಗ್ಗ. ಇಲ್ಲಿ ನನ್ನದು ಹಟದ ಮಾತು. ಬಟ್ಟೆ ಎಷ್ಟೇ ಹೊಸದಾಗಿ ಕಾಣಲಿ, ಹಳೇ ಹಗ್ಗವನ್ನು ಬದಲಿಸಿಯೇ ತೀರಬೇಕು. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಬಟ್ಟೆಯನ್ನು ಕಣ್ಣಿಂದ ನೋಡಿ ಅಂದಾಜು ಮಾಡಬಹುದು, ಹಗ್ಗದ ಒಳಗಿನ ಎಳೆಗಳು ಕಾಣಲ್ಲ. ವರ್ಷಗಟ್ಟಲೆ ಒಂದೇ ಕಡೆ ಗಂಟು ಬಿದ್ದು, ಒಂದೇ ಕಡೆ ಉಜ್ಜಿ, ಒಳಗೆ ಮರಳು ಸೇರಿಕೊಂಡು ಎಳೆಗಳು ಸವೆದಿರುತ್ತವೆ. ನನ್ನ ಕಣ್ಣೆದುರಿಗೇ ಒಂದು ಹಗ್ಗ ತುಂಡಾದದ್ದನ್ನು ನೋಡಿದ್ದೇನೆ. ತಂಡದ ಹುಡುಗನೊಬ್ಬ ಹಳೇ ಹ್ಯಾಮಕ್ ತಂದಿದ್ದ, ನಾನೂ ಹಗ್ಗ ಎಳೆದು ನೋಡಿ "ಪರವಾಗಿಲ್ಲ" ಅಂದಿದ್ದೆ. ಅವನು ಕೂತ, ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಿದ, ತಲೆಯ ಕಡೆಯ ಹಗ್ಗ ಹೋಯಿತು. ಮೊಣಕಾಲೆತ್ತರದಲ್ಲಿ ಕಟ್ಟಿದ್ದಕ್ಕೆ ಬರೀ ಭುಜ ತರಚಿತು. ಆ "ಪರವಾಗಿಲ್ಲ" ನೆನಪಾದರೆ ಈಗಲೂ ಮುಜುಗರ.

ಹಗ್ಗದ ಬದಲು ಏನು? ಪ್ಯಾರಾಕಾರ್ಡ್ ಅಂತ ಥಟ್ಟನೆ ಹೇಳುವವರಿದ್ದಾರೆ, ಅದೂ ಮಿಲಿಟರಿಯದೇ ಅಲ್ವಾ ಅಂತ. ಪ್ಯಾರಾಶೂಟಿನ ದಾರವದು. 550 ಅಂತ ಕರೆಯೋದು ಅದು ಕನಿಷ್ಠ 550 ಪೌಂಡ್, ಅಂದರೆ ಸುಮಾರು 250 ಕೆಜಿ ತಡೆಯಬೇಕು ಅಂತ. ಕೇಳೋಕೆ ಭರ್ಜರಿ. ಆದರೆ ಗಂಟು ಹಾಕಿದ ಕಡೆ ಯಾವ ಹಗ್ಗದ ಬಲವೂ ಇಳಿಯುತ್ತದೆ, ಮೂರನೇ ಒಂದು ಭಾಗ, ಕೆಲವು ಗಂಟಿನಲ್ಲಿ ಅರ್ಧದವರೆಗೂ. ಮೇಲಾಗಿ ಪ್ಯಾರಾಕಾರ್ಡ್ ಜಗ್ಗಿದಷ್ಟೂ ಹಿಗ್ಗುತ್ತದೆ. ಸಂಜೆ ಮೊಣಕಾಲೆತ್ತರಕ್ಕಿದ್ದವರು ಬೆಳಗಿನ ಜಾವ ನೆಲ ಮುಟ್ಟಿರುತ್ತೀರಿ. ಟಾರ್ಪಾಲಿನ ಮೂಲೆ ಎಳೆದು ಕಟ್ಟೋಕೆ ಅದು ಚೆನ್ನ, ಮನುಷ್ಯನನ್ನು ತೂಗುಹಾಕೋಕೆ ಬೇಡ.

ಈ 250 ಕೆಜಿ ಯಾಕೆ ಸಾಲದು ಅಂದರೆ, ನೀವು ಮಾಡಿದ ತಪ್ಪನ್ನೇ ಹೇಳಬೇಕಾಗುತ್ತದೆ. ಬಿಗಿಯಾಗಿ ಕಟ್ಟಿದೆ ಅಂತ ಬರೆದಿದ್ದೀರಿ. ಹ್ಯಾಮಕ್ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲೆಲ್ಲ ಅಪಾಯದ್ದು ಇದೇ. ಹಗ್ಗ ನೆಲಕ್ಕೆ ಸಮವಾಗಿ ಹೋದಷ್ಟೂ ಅದರ ಮೇಲಿನ ಎಳೆತ ಏರುತ್ತದೆ. ಲೆಕ್ಕ ನೋಡಿ. ನಿಮ್ಮ ತೂಕ 70 ಕೆಜಿ. ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಡೆಯ ಹಗ್ಗದ ಮೇಲೆ ಬೀಳೋದು 70 ಕೆಜಿ ಎಳೆತ. 15 ಡಿಗ್ರಿಗೆ ಇಳಿಸಿದರೆ 135 ಕೆಜಿ. 10 ಡಿಗ್ರಿಗೆ 200. ತಂತಿಯ ಹಾಗೆ ಬಿಗಿದು 5 ಡಿಗ್ರಿ ಮಾಡಿದರೆ ಸುಮಾರು 400 ಕೆಜಿ. ಅದೂ ನೀವು ಅಲ್ಲಾಡದೆ ಮಲಗಿದ್ದಾಗ. ಧೊಪ್ಪನೆ ಕೂತರೆ ಆ ಕ್ಷಣಕ್ಕೆ ಇನ್ನೂ ಏರುತ್ತದೆ. ನಿಮ್ಮ ಹಳೇ ಹಗ್ಗ ಆ ರಾತ್ರಿ ತುಂಡಾಗದೆ ಉಳಿದದ್ದು ನಿಮ್ಮ ಅದೃಷ್ಟ. ಅದೇ ಎಳೆತ ಮರಕ್ಕೂ ಬಿದ್ದಿರುತ್ತದೆ ಅನ್ನೋದು ಬೇರೆ ಮಾತು.

30 ಡಿಗ್ರಿ ಅಳೆಯೋಕೆ ಉಪಕರಣ ಬೇಡ. ಹೆಬ್ಬೆರಳು, ತೋರುಬೆರಳು ಬಿಡಿಸಿ ಪಿಸ್ತೂಲಿನ ಹಾಗೆ ಹಿಡಿಯಿರಿ, ತೋರುಬೆರಳು ನೆಲಕ್ಕೆ ಸಮವಾಗಿರಲಿ. ಎರಡು ಬೆರಳ ತುದಿಗಳನ್ನು ಸೇರಿಸುವ ಗೆರೆ ಹೆಚ್ಚುಕಡಿಮೆ 30 ಡಿಗ್ರಿ. ಹಗ್ಗ ಆ ಗೆರೆಯಂತೆ ಇಳಿಯಬೇಕು. ಮರಗಳ ನಡುವೆ ನಾಲ್ಕರಿಂದ ಐದು ಮೀಟರ್ ಇದ್ದರೆ, ಕಟ್ಟುವ ಜಾಗ ಹತ್ತಿರಹತ್ತಿರ ಆಳೆತ್ತರಕ್ಕೆ ಬರುತ್ತದೆ. ನೀವು ಕೂತಾಗ ಹ್ಯಾಮಕ್ ಕುರ್ಚಿಯ ಎತ್ತರದಲ್ಲಿರಬೇಕು, ಅಂದರೆ ಒಂದೂವರೆ ಅಡಿ. ಅದಕ್ಕಿಂತ ಮೇಲೆ ಕಟ್ಟಿ ಫೋಟೋ ತೆಗೆಸಿಕೊಳ್ಳುವವರು ತೆಗೆಸಿಕೊಳ್ಳಲಿ, ಮಲಗೋದು ಬೇಡ. ಕೆಳಗೆ ಕಲ್ಲು, ಬೊಡ್ಡೆ ಇಲ್ಲದ ಕಡೆ ಕಟ್ಟಿ.

ಮರಕ್ಕೆ ಸುತ್ತೋಕೆ ಒಂದು ಇಂಚಿಗೆ ಕಡಿಮೆಯಿಲ್ಲದ ಅಗಲದ ಪಾಲಿಯೆಸ್ಟರ್ ಪಟ್ಟಿ ಬಳಸಿ. ಸಣ್ಣ ಹಗ್ಗ ತೊಗಟೆಯೊಳಗೆ ಕಚ್ಚುತ್ತದೆ. ತೊಗಟೆಯ ಕೆಳಗಿನ ಪದರದಲ್ಲೇ ಮರದ ಆಹಾರ ಓಡಾಡೋದು, ಸುತ್ತಲೂ ಅದು ಜಜ್ಜಿಹೋದರೆ ಮರ ನಿಧಾನಕ್ಕೆ ಸಾಯುತ್ತದೆ. ನೈಲಾನ್ ಪಟ್ಟಿ ಯಾಕೆ ಬೇಡ ಅಂದರೆ ಅದು ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಪಟ್ಟಿಗೂ ಹ್ಯಾಮಕ್ಕಿಗೂ ನಡುವೆ ಕ್ಯಾರಾಬಿನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕುವುದಾದರೆ ಬಂಡೆ ಹತ್ತೋಕೆ ಬಳಸುವಂಥದ್ದು, ಎಷ್ಟು ಎಳೆತ ತಡೆಯುತ್ತದೆ ಅಂತ ಮೈಮೇಲೆ ಕಿಲೋನ್ಯೂಟನ್ ಅಂಕಿ ಕೆತ್ತಿರುವಂಥದ್ದು ಹಾಕಿ. ಕೀ ಗೊಂಚಲಿನ ಅಲಂಕಾರದ್ದು ಬೇಡ. ಮರ ಕನಿಷ್ಠ ಆರು ಇಂಚು ದಪ್ಪ ಇರಬೇಕು, ಮುಖ್ಯವಾಗಿ ಜೀವಂತ ಇರಬೇಕು. ಹ್ಯಾಮಕ್‌ನಿಂದ ಆಗುವ ದೊಡ್ಡ ಅನಾಹುತಗಳು ಬಟ್ಟೆ ಹರಿದು ಆಗೋದಲ್ಲ. ಒಣಮರವೋ, ಇಟ್ಟಿಗೆ ಕಂಬವೋ ಬುಡಸಮೇತ ಮಲಗಿದವರ ಮೇಲೆ ಬಿದ್ದು ಆಗೋದು. ಕಟ್ಟುವ ಮೊದಲು ತಲೆ ಎತ್ತಿ ನೋಡಿ. ಮೇಲೆ ಸಿಕ್ಕಿಕೊಂಡ ಒಣ ಕೊಂಬೆ ಇದ್ದರೆ ಬೇರೆ ಜಾಗ ಹುಡುಕಿ. ಕೆಲವು ಅರಣ್ಯಗಳಲ್ಲಿ ಮರಕ್ಕೆ ಏನನ್ನೂ ಕಟ್ಟುವಂತಿಲ್ಲ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಈಗ ಸೊಂಟದ ವಿಷಯ. ಹ್ಯಾಮಕ್‌ನಲ್ಲಿ ಮಲಗಿದರೆ ಬೆನ್ನುಮೂಳೆ ಹಾಳಾಗುತ್ತೆ ಅನ್ನೋ ಮಾತು ಕೇಳಿರುತ್ತೀರಿ. ಕೆರಿಬಿಯನ್ ದ್ವೀಪಗಳ ಜನ ಶತಮಾನಗಳಿಂದ ಅದರಲ್ಲೇ ಮಲಗುತ್ತಿದ್ದರು, 1492ರಲ್ಲಿ ಕೊಲಂಬಸ್ ಹೋದಾಗ ಕಂಡದ್ದೂ ಅದನ್ನೇ. ಹ್ಯಾಮಕ್ ಅನ್ನೋ ಪದವೂ ಅವರ ಭಾಷೆಯಿಂದಲೇ ಬಂತು. ಅವರ ಗುಟ್ಟು ಏನೆಂದರೆ ಉದ್ದುದ್ದಕ್ಕೆ ಮಲಗೋದಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗೋದು. ಉದ್ದಕ್ಕೆ ಮಲಗಿದರೆ ಮೈ ಬಾಳೆಹಣ್ಣಾಗುತ್ತದೆ. ಸೊಂಟ ಕೆಳಗೆ, ತಲೆ ಕಾಲು ಮೇಲೆ, ಮಂಡಿ ಹಿಂದಕ್ಕೆ ಬಾಗಿದ ಹಾಗೆ. ಓರೆಯಾಗಿ ಮಲಗಿದರೆ ಬಟ್ಟೆ ಮೈಕೆಳಗೆ ಹರಡಿಕೊಂಡು ಹೆಚ್ಚುಕಡಿಮೆ ಸಪಾಟಾಗುತ್ತದೆ. ಇಲ್ಲೊಂದು ತಮಾಷೆ ಇದೆ. ಓರೆಯಾಗಿ ಮಲಗಬೇಕಾದರೆ ಹ್ಯಾಮಕ್ ಸಡಿಲವಾಗಿ ಜೋತುಬಿದ್ದಿರಬೇಕು. ಚಪ್ಪಟೆ ಮಾಡೋಕೆ ಹೋಗಿ ಬಿಗಿ ಮಾಡಿದಿರಿ, ಬಿಗಿ ಮಾಡಿದ್ದಕ್ಕೇ ಚಪ್ಪಟೆಯಾಗಲಿಲ್ಲ. ಪಕ್ಕದ ಅಂಚುಗಳು ಗೋಡೆಯ ಹಾಗೆ ಎದ್ದು ನಿಮ್ಮನ್ನು ನಡುವಿಗೆ ತಳ್ಳಿದವು.

ಆದರೆ ನಿಮ್ಮದನ್ನು ಸಡಿಲ ಮಾಡಿದರೂ ಪೂರ್ತಿ ಗುಣ ಸಿಗಲ್ಲ. ಓರೆಯಾಗಿ ಮಲಗೋಕೆ ಉದ್ದ ಬೇಕು. ನಿಮ್ಮ ಎತ್ತರಕ್ಕೆ ಹತ್ತು ಅಡಿಯ ಬಟ್ಟೆ ಕನಿಷ್ಠ, ಹನ್ನೊಂದು ಅಡಿ ಇದ್ದರೆ ಹಾಯಾಗಿ ನಿದ್ದೆ. ನಿಮ್ಮದು ಏಳು ಅಡಿ. ಓರೆಯಾದ ಕೂಡಲೇ ಒಂದು ಕಡೆ ಹಿಮ್ಮಡಿ ಹೊರಗೆ, ಇನ್ನೊಂದು ಕಡೆ ತಲೆ ಹೊರಗೆ. ಇದನ್ನು ಹೊಲಿಗೆಯಿಂದ ಸರಿಮಾಡೋಕಾಗಲ್ಲ. ನಡುವೆ ತುಂಡು ಸೇರಿಸಿ ಹೊಲಿದುಕೊಡಿ ಅಂತ ಕೇಳಿಕೊಂಡು ಬಂದವರಿದ್ದಾರೆ, ನಾನು ವಾಪಸ್ ಕಳಿಸಿದ್ದೇನೆ. ಭಾರ ಬೀಳುವ ನಡುಭಾಗದಲ್ಲಿ ಅಡ್ಡ ಹೊಲಿಗೆ ಹಾಕಿ ಅದರ ಮೇಲೆ ಮನುಷ್ಯನನ್ನು ಮಲಗಿಸೋಕೆ ನನಗೆ ಧೈರ್ಯ ಇಲ್ಲ.

ಹಾಗಾದರೆ ಸೈನಿಕರು ಅದರಲ್ಲಿ ಹೇಗೆ ಮಲಗಿದರು ಅಂತ ಕೇಳಬಹುದು. ಕಷ್ಟಪಟ್ಟು ಮಲಗಿದರು ಅನ್ನೋದೇ ಉತ್ತರ. ಅದು ಮಳೆಕಾಡಿನ ಒದ್ದೆ ನೆಲ, ಜಿಗಣೆ, ಇರುವೆಯಿಂದ ಮೈಯನ್ನು ಒಂದಡಿ ಮೇಲೆ ಇಡೋಕೆ ಮಾಡಿದ ಸಾಧನ. ಬೂಟು ಹಾಕಿಕೊಂಡೇ ಕೆಲವು ಗಂಟೆ ಕಣ್ಣು ಮುಚ್ಚಬೇಕು, ಕರೆ ಬಂದರೆ ಥಟ್ಟನೆ ಎದ್ದು ಹೊರಡಬೇಕು. ಬಟ್ಟೆ ಕಡಿಮೆಯಾದಷ್ಟೂ ಬೆನ್ನಿನ ಭಾರ ಕಡಿಮೆ. ಸುಖನಿದ್ದೆ ಆ ಲೆಕ್ಕದಲ್ಲೇ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರೇ ಮಾಡಿದ ಇನ್ನೊಂದು ಜಂಗಲ್ ಹ್ಯಾಮಕ್ ಇದೆ. ಮೇಲೆ ಮಳೆಗೆ ಮಾಡು, ಸುತ್ತ ಸೊಳ್ಳೆಪರದೆ, ಪಕ್ಕದಲ್ಲಿ ಜಿಪ್, ಪುಟ್ಟ ಮನೆಯ ಹಾಗೆ. ನೋಡಿದರೆ ಆಸೆಯಾಗುತ್ತದೆ. ಆದರೆ ಭಾರ, ಜೊತೆಗೆ ಅಷ್ಟು ಹಳೆಯ ಪರದೆ, ಜಿಪ್ ನಂಬುವಂತಿಲ್ಲ. ಕತ್ತಲಲ್ಲಿ ಗಾಬರಿಯಾದಾಗ ಅದರಿಂದ ಹೊರಬರೋದೂ ಸುಲಭ ಅಲ್ಲ, ಯುದ್ಧಭೂಮಿಯಲ್ಲಿ ಅದು ಸಣ್ಣ ದೋಷವಾಗಿರಲಿಲ್ಲ. ಯಾರಾದರೂ ಕೊಟ್ಟರೆ ಇಟ್ಟುಕೊಳ್ಳಿ, ನೋಡೋಕೆ. ನೌಕಾಪಡೆಯ ಕ್ಯಾನ್ವಾಸ್ ಹ್ಯಾಮಕ್‌ಗಳ ಕಥೆಯೂ ಅಷ್ಟೇ. ತೂಗಾಡುವ ಹಡಗಿನಲ್ಲಿ ನಾವಿಕ ಉರುಳಿ ಬೀಳದ ಹಾಗೆ ಅವು ಅದ್ಭುತ. ಹಗಲು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನ ಬಲೆಯಲ್ಲಿ ಜೋಡಿಸಿದರೆ ಗುಂಡಿಗೂ ಸಿಬಿರಿಗೂ ಅಡ್ಡಗೋಡೆ. ಚಾರಣಿಗನ ಬೆನ್ನ ಮೇಲೆ ಮಾತ್ರ ಅದು ಒದ್ದೆ ಕಂಬಳಿ.

ಚಳಿಗೆ ಬರೋಣ. ನಿಮ್ಮ ಸ್ಲೀಪಿಂಗ್ ಬ್ಯಾಗ್ ಕೆಟ್ಟಿಲ್ಲ. ಬೆಚ್ಚಗಿಡೋದು ಬ್ಯಾಗಿನ ಹತ್ತಿ, ಗರಿ ಅಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ನೀವು ಮಲಗಿದಾಗ ಮೈಕೆಳಗಿನ ಭಾಗ ಒತ್ತಿ ಹಪ್ಪಳವಾಗುತ್ತದೆ, ಗಾಳಿ ಹೊರಟುಹೋಗುತ್ತದೆ. ಟೆಂಟಿನಲ್ಲಿ ಕೆಳಗೆ ಚಾಪೆ ಇರುವುದರಿಂದ ಇದು ಗೊತ್ತಾಗಲ್ಲ. ಹ್ಯಾಮಕ್‌ನಲ್ಲಿ ಬೆನ್ನ ಕೆಳಗೂ ಗಾಳಿ ಬೀಸುತ್ತಲೇ ಇರುತ್ತದೆ, ಇರುವ ಬಿಸಿಯನ್ನೂ ಹೊತ್ತೊಯ್ಯುತ್ತದೆ. ರಾತ್ರಿ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಹೆಚ್ಚಿನವರಿಗೆ ಬೆನ್ನಡಿಗೆ ಏನಾದರೂ ಬೇಕೇ ಬೇಕು. ನೀವು ಇನ್ನೂ ದಪ್ಪದ ಬ್ಯಾಗ್ ತೆಗೆದುಕೊಂಡರೂ ಪ್ರಯೋಜನ ಇಲ್ಲ. ಸೈನ್ಯದ ಹ್ಯಾಮಕ್‌ನಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲದಿರೋದು ಸಹಜ, ಸೆಕೆಯ ಕಾಡಿಗೆ ಮಾಡಿದ್ದು ತಾನೇ.

ಅಗ್ಗದ ದಾರಿ ಅಂದರೆ ಫೋಮ್ ಚಾಪೆ. ಕೆಲಸ ಮಾಡುತ್ತದೆ, ಆದರೆ ಒಂದೇ ಪದರದ ಬಟ್ಟೆಯ ಮೇಲೆ ರಾತ್ರಿಯಿಡೀ ಜಾರುತ್ತದೆ. ಭುಜಗಳು ಅದರ ಅಂಚಿನಿಂದ ಹೊರಗೆ ಉಳಿದು ಅಲ್ಲೇ ಚಳಿ ಹಿಡಿಯುತ್ತದೆ. ಒಳ್ಳೆಯ ದಾರಿ ಅಂದರೆ ಹ್ಯಾಮಕ್ಕಿನ ಹೊರಗೆ, ಕೆಳಗೆ ತೂಗುಹಾಕುವ ಹೊದಿಕೆ. ಇದಕ್ಕೆ ಅಂಡರ್‌ಕ್ವಿಲ್ಟ್ ಅಂತಾರೆ. ನಿಮ್ಮ ಮೈಭಾರ ಅದರ ಮೇಲೆ ಬೀಳೋದಿಲ್ಲ, ಹಾಗಾಗಿ ಅದು ಉಬ್ಬಿಕೊಂಡೇ ಇರುತ್ತದೆ. ಹ್ಯಾಮಕ್ಕಿಗೆ ತಾಗಿಕೊಂಡಿರಬೇಕು ಅಷ್ಟೇ, ನಡುವೆ ಸಂದು ಬಿಟ್ಟರೆ ಗಾಳಿ ನುಗ್ಗುತ್ತದೆ.

ಮಿಲಿಟರಿ ಮಾಲಿನ ನಿಜವಾದ ಒಳ್ಳೆಯ ಗುಣ ಕಾಣೋದು ಇಲ್ಲಿ. ಅದೇ ವಿಯೆಟ್ನಾಂ ಕಾಲದಲ್ಲಿ ಬಂದ ಪಾಂಚೋ ಲೈನರ್ ಅನ್ನೋ ಹೊದಿಕೆ ಇದೆ, ಸೈನಿಕರು ಮುದ್ದಿನಿಂದ ‘ವೂಬಿ’ ಅನ್ನುತ್ತಾರೆ. ಹೊರಗೆ ತೆಳು ನೈಲಾನ್, ಒಳಗೆ ಹತ್ತಿಯ ಹಾಗೆ ತುಂಬಿದ ಪಾಲಿಯೆಸ್ಟರ್ ಎಳೆ, ಅಂಚಿನಲ್ಲಿ ಕಟ್ಟುವ ದಾರಗಳು. ಒದ್ದೆಯಾದರೂ ಬೇಗ ಒಣಗುತ್ತದೆ, ಒಂದು ಕೆಜಿಯೂ ತೂಗಲ್ಲ. ನಾಲ್ಕು ಮೂಲೆಗೆ ಎಲಾಸ್ಟಿಕ್ ದಾರ ಕಟ್ಟಿ ಹ್ಯಾಮಕ್ಕಿನ ಎರಡು ತುದಿಗೆ ಸಿಕ್ಕಿಸಿದರೆ ಅಂಡರ್‌ಕ್ವಿಲ್ಟ್ ಆಯಿತು. ನನ್ನ ಅನುಭವದಲ್ಲಿ 15 ಡಿಗ್ರಿಯವರೆಗೂ ಇದರಲ್ಲಿ ಬೆಚ್ಚಗೆ ಮಲಗಬಹುದು, ಅದಕ್ಕಿಂತ ಚಳಿ ಇದ್ದರೆ ಸಾಲದು. ಸೈನ್ಯದ ಪಾಂಚೋ ಕೂಡ ಹಾಗೆ. ಹಗಲು ಮಳೆಯಂಗಿ, ರಾತ್ರಿ ತಲೆಯ ಮೇಲಿನ ಸೂರು. ಸುಮಾರು ಏಳೂವರೆ ಅಡಿ ಉದ್ದ ಇರುವುದರಿಂದ ಹನ್ನೊಂದು ಅಡಿಯ ಹ್ಯಾಮಕ್ಕನ್ನು ಪೂರ್ತಿ ಮುಚ್ಚಲ್ಲ. ಜೋರು ಮಳೆಯ ಕಾಲವಾದರೆ ದೊಡ್ಡ ಟಾರ್ಪಾಲೇ ಬೇಕು. ಕೊಳ್ಳುವಾಗ ಒಳಮೈ ಮುಟ್ಟಿ ನೋಡಿ. ಅಂಟಂಟಾಗಿದ್ದರೆ, ಹುಳಿ ವಾಂತಿಯ ವಾಸನೆ ಹೊಡೆದರೆ ನೀರು ತಡೆಯುವ ಲೇಪನ ಕರಗಿಹೋಗಿದೆ ಅಂತ ಅರ್ಥ. ಎಷ್ಟು ಒಗೆದರೂ ಅದು ವಾಪಸ್ ಬರಲ್ಲ.

ಮಳೆಯ ಮಾತು ಬಂದದ್ದಕ್ಕೆ ಇದೊಂದು. ಟಾರ್ಪಾಲು ಇದ್ದರೂ ನೀರು ಮರದಿಂದ ಪಟ್ಟಿಯಗುಂಟ ಹರಿದು ಹ್ಯಾಮಕ್ಕಿನೊಳಗೆ ಬರುತ್ತದೆ. ಟಾರ್ಪಾಲಿನ ಒಳಗೆ ಬರುವ ಜಾಗದಲ್ಲಿ ಪಟ್ಟಿಗೆ ಒಂದು ತುಂಡು ದಾರ ಕಟ್ಟಿ ಇಳಿಬಿಡಿ. ನೀರು ಆ ದಾರ ಹಿಡಿದು ಕೆಳಗೆ ತೊಟ್ಟಿಕ್ಕುತ್ತದೆ.

ಸೊಳ್ಳೆಗೆ ಹೆಚ್ಚು ಹೇಳಬೇಕಾಗಿಲ್ಲ. ಮೈಗೆ ಬಿಗಿಯಾಗಿ ಅಂಟಿದ ಒಂದು ಪದರದ ತೆಳು ನೈಲಾನ್ ಸೊಳ್ಳೆಯ ಸೂಜಿಗೆ ಲೆಕ್ಕಕ್ಕಿಲ್ಲ. ನೀವು ಬ್ಯಾಗಿನ ಒಳಗಿದ್ದೂ ಕಚ್ಚಿಸಿಕೊಂಡಿದ್ದೀರಿ ಅಂದರೆ ಯಾವಾಗಲೋ ಸೆಕೆಯಾಗಿ ಬ್ಯಾಗ್ ಸರಿಸಿರಬೇಕು, ಇಲ್ಲವೇ ಅದರ ಕೆಳಭಾಗ ಹಪ್ಪಳವಾಗಿದ್ದಾಗ ಅದರ ಮೂಲಕವೇ ಕಚ್ಚಿರಬೇಕು. ಕೆಳಗೆ ಅಂಡರ್‌ಕ್ವಿಲ್ಟ್ ಬಂದರೆ ಬೆನ್ನಿನ ಸಮಸ್ಯೆ ತಾನಾಗಿ ಹೋಗುತ್ತದೆ, ಮೇಲೆ ಪರದೆ ಹಾಕಿ. ಬಟ್ಟೆಗೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಸಿಂಪಡಿಸುವ ರೂಢಿಯೂ ಇದೆ, ಸೈನ್ಯದವರೂ ಸಮವಸ್ತ್ರಕ್ಕೆ ಬಳಸುತ್ತಾರೆ. ಅದು ಬಟ್ಟೆಗೆ, ಚರ್ಮಕ್ಕಲ್ಲ. ಪೂರ್ತಿ ಒಣಗುವವರೆಗೂ ಮನೆಯ ಬೆಕ್ಕನ್ನು ಹತ್ತಿರ ಬಿಡಬೇಡಿ, ಅದಕ್ಕೆ ಅದು ವಿಷ. ಹೊಳೆ ಕೆರೆಯಲ್ಲಿ ಆ ಬಟ್ಟೆ ಜಾಲಿಸಬೇಡಿ, ಮೀನಿಗೂ ಅದೇ ಗತಿ.

ಇಷ್ಟಾದ ಮೇಲೆ ನಿಮ್ಮ ಮುಂದೆ ಏನೇನಿದೆ? ಈ ಹ್ಯಾಮಕ್ಕೇ ಬೇಕು ಅಂತ ಮನಸ್ಸಿದ್ದರೆ ಬಟ್ಟೆ ಪರೀಕ್ಷಿಸಿ, ಹಗ್ಗ ಬದಲಿಸಿ, 30 ಡಿಗ್ರಿಗೆ ಸಡಿಲವಾಗಿ ಕಟ್ಟಿ, ಕಾಲಿನ ಕಡೆ ಒಂದು ಗೇಣು ಎತ್ತರಿಸಿ. ಹಾಗೆ ಎತ್ತರಿಸಿದರೆ ರಾತ್ರಿ ಕಾಲಿನ ಕಡೆ ಜಾರೋದು ತಪ್ಪುತ್ತದೆ. ಮೊದಲು ಅಂಗೈಯಗಲ ಎತ್ತರದಲ್ಲಿ ಕಟ್ಟಿ, ಕೆಳಗೆ ಚಾಪೆ ಹಾಕಿ, ನಿಧಾನಕ್ಕೆ ಭಾರ ಬಿಡುತ್ತಾ ಕೂರಿ. ಅರ್ಧ ಗಂಟೆ ಮಗ್ಗುಲು ಬದಲಿಸಿ ನೋಡಿ. ಇದರಿಂದ ಬಿದ್ದು ಪೆಟ್ಟಾಗುವ ಅಪಾಯ ಬಹಳ ಮಟ್ಟಿಗೆ ಹೋಗುತ್ತದೆ. ಸೊಂಟನೋವು ಹೋಗಲ್ಲ. ಒಂದು ರಾತ್ರಿ ಸಹಿಸಬಹುದು, ಎರಡನೇ ದಿನ ಚೀಲ ಹೊತ್ತು ನಡೆದು ಮತ್ತೆ ಅದರಲ್ಲೇ ಮಲಗಿದರೆ ಮೂರನೇ ದಿನ ನೀವು ನಡೆಯೋದು ನೋಡಿ ಜೊತೆಯವರು ನಗುತ್ತಾರೆ. ಬೆನ್ನಿಗೆ ಮೊದಲೇ ತೊಂದರೆ ಇದ್ದರೆ, ಡಿಸ್ಕ್ ಸಮಸ್ಯೆ ಇದ್ದರೆ, ಈ ಪ್ರಯೋಗಕ್ಕೆ ಮುಂಚೆ ವೈದ್ಯರನ್ನು ಕೇಳಿ. ಹೊಟ್ಟೆ ಮೇಲೆ ಮಲಗುವ ಅಭ್ಯಾಸದವರಿಗೆ ಯಾವ ಹ್ಯಾಮಕ್ಕೂ ಒಗ್ಗೋದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ.

ನಾನಾಗಿದ್ದರೆ ಮಾಡೋದು ಬೇರೆ. ಹನ್ನೊಂದು ಅಡಿಯ ಸಾದಾ ನೈಲಾನ್ ಹ್ಯಾಮಕ್, ಪಾಲಿಯೆಸ್ಟರ್ ಪಟ್ಟಿ ಹೊಸದಾಗಿ ತೆಗೆದುಕೊಳ್ಳುತ್ತೇನೆ. ಹ್ಯಾಮಕ್ ಅರ್ಧ ಕೆಜಿ ಆಸುಪಾಸು ತೂಗುತ್ತದೆ ಅಷ್ಟೇ. ಸರ್‌ಪ್ಲಸ್ ರಾಶಿಯಿಂದ ಪಾಂಚೋ ಮತ್ತು ಲೈನರ್ ಆರಿಸಿಕೊಳ್ಳುತ್ತೇನೆ. ಅವೆರಡರ ಮೇಲೆ ಯಾರ ಜೀವವೂ ತೂಗುತ್ತಿರೋದಿಲ್ಲ, ಹಳೆಯದಾಗಿ ಕೈಕೊಟ್ಟರೆ ಹೆಚ್ಚೆಂದರೆ ನೆನೆಯುತ್ತೀರಿ. ಹೊಸದು ತರುವಷ್ಟು ಸಮಯ ಇಲ್ಲದಿದ್ದರೆ ಈ ಸಲಕ್ಕೆ ಟೆಂಟನ್ನೇ ಒಯ್ಯಿರಿ. ಹೊಸ ಹಾಸಿಗೆಯನ್ನು ಮೊದಲ ಸಲ ಮನೆಯಿಂದ ಎರಡು ದಿನದ ನಡಿಗೆಯ ದೂರದಲ್ಲಿ ಬಿಚ್ಚೋದು ಜಾಣತನ ಅಲ್ಲ.

1968ರ ಆ ಹ್ಯಾಮಕ್ಕನ್ನು ಎಸೆಯಬೇಡಿ. ನೀವು ಮಲಗುವ ಹ್ಯಾಮಕ್ಕಿನ ಕೆಳಗೆ ಗಿಡ್ಡವಾಗಿ ಕಟ್ಟಿದರೆ ಬೆನ್ನುಚೀಲ, ಬೂಟು ಇಡೋಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಒದ್ದೆ ನೆಲ ತಾಗಲ್ಲ, ಬೆಳಿಗ್ಗೆ ಬೂಟಿನೊಳಗೆ ಚೇಳು ಹುಡುಕುವ ಕೆಲಸವೂ ಕಡಿಮೆ, ಆದರೂ ಕೊಡವಿಯೇ ಹಾಕಿಕೊಳ್ಳಿ. ಅದರ ಹಳೇ ಹಗ್ಗವನ್ನು ಮಾತ್ರ "ಯಾವುದಕ್ಕಾದರೂ ಬರುತ್ತೆ" ಅಂತ ಎತ್ತಿಡಬೇಡಿ. ಇವತ್ತೇ ಗೇಣುದ್ದ ತುಂಡು ಮಾಡಿ ಬಿಸಾಕಿ. ಉದ್ದಕ್ಕೆ ಬಿಟ್ಟರೆ ಮನೆಯಲ್ಲಿ ಯಾರಾದರೂ ಅದರಿಂದ ಮಕ್ಕಳಿಗೆ ಉಯ್ಯಾಲೆ ಕಟ್ಟುತ್ತಾರೆ.